ದಿಬ್ಬಕ್ಕೆ ಹೋದ ನಳಿಗೆ

ಆ ಕಾಲದಲ್ಲಿ ನಮ್ಮೂರಿನ ನೀರು ಆಕಾಶ ಕಂಡರೆ ಕಹಿಯಾಗುತ್ತಿತ್ತು. ಯಾಕೆ ಎಂದು ನಾವು ಕೇಳುತ್ತಿರಲಿಲ್ಲ. ಬೇವಿನೆಲೆ ಯಾಕೆ ಕಹಿ ಎಂದು ಯಾರಾದರೂ ಕೇಳುತ್ತಾರೆಯೇ? ಊರ ಮೇಲ್ಗಡೆ ಒಂದು ಹೆಬ್ಬಂಡೆ, ಅದರ ಹೊಟ್ಟೆಯೊಳಗೆ ಒಂದು ಸೆಲೆ, ಬಂಡೆಯ ಬಾಯಿಗೆ ತೇಗದ ಬಾಗಿಲು. ಬಾಗಿಲ ಹಿಂದಿನಿಂದ ಹೊರಟ ನೀರು ಮೇಣ ಹಚ್ಚಿದ ಬಟ್ಟೆಯ ನಳಿಗೆಗಳೊಳಗೆ ಸೇರಿ, ಕವೆಗೋಲುಗಳ ಮೇಲೆ ಮಲಗಿ, ಮಾಳಿಗೆಯಿಂದ ಮಾಳಿಗೆಗೆ ದಾಟಿ ಒಂದೊಂದು ಅಡುಗೆಮನೆಗೂ ಬರುತ್ತಿತ್ತು. ನಮ್ಮ ಅಡುಗೆಮನೆಗಳಿಗೆ ಕಿಟಕಿ ಇರಲಿಲ್ಲ. ಗೋಡೆಯಿಂದ ಒಳಗೆ ಬಂದ ನಳಿಗೆಯ ತುದಿಗೆ ಕಟ್ಟಿಗೆಯ ಒಂದು ಬಿರಡೆ ಇರುತ್ತಿತ್ತು. ಅದಕ್ಕೆ ನಾವು ತುಟಿ ಎನ್ನುತ್ತಿದ್ದೆವು. ಬಂದ ನೆಂಟರಿಗೆ ತಂಬಿಗೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ, ಒಳಗೆ ಕರೆದು ತುಟಿ ಕೊಡುತ್ತಿದ್ದೆವು. ಮಳೆ ಬಂದರೆ ಅಂಗಳ ತೊಳೆದುಕೊಳ್ಳುತ್ತಿದ್ದೆವು, ಬಟ್ಟೆ ಒಗೆಯುತ್ತಿದ್ದೆವು. ಗಿಡಗಳಿಗೆ ಆ ಕಹಿ ತಾಗುತ್ತಿರಲಿಲ್ಲ. ದೊಡ್ಡವರು ಕುಡಿದರೆ ಎರಡು ದಿನ ಹೊಟ್ಟೆ ಹಿಡಿದುಕೊಂಡು ಮಲಗುತ್ತಿದ್ದರು. ಎಳೆಗೂಸುಗಳು ಕುಡಿದರೆ ಉಳಿಯುತ್ತಿರಲಿಲ್ಲ.

ಈಗ ನೆಲದೊಳಗೆ ಕಬ್ಬಿಣದ ಕೊಳಾಯಿ ಬಂದಿದೆ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ಹೋಗುತ್ತದೆ ಎಂದು ಯಾರೂ ತಲೆಯೆತ್ತಿ ನೋಡುವುದಿಲ್ಲ. ಆಗ ಬೆಳಿಗ್ಗೆ ಕಸ ಹೊಡೆಯಲು ಹೊರಗೆ ಬಂದವಳು ಮೊದಲು ಕೈಯೆತ್ತಿ ನಳಿಗೆಯನ್ನು ಮುಟ್ಟುತ್ತಿದ್ದಳು. ತಣ್ಣಗಿದ್ದರೆ ನೀರಿದೆ. ಬೆಚ್ಚಗಿದ್ದರೆ ಮೇಲಿನ ಓಣಿಯವರು ಇನ್ನೂ ಸ್ನಾನ ಮಾಡುತ್ತಿದ್ದಾರೆ. ಗಾಳಿಗೆ ನಳಿಗೆಗಳು ಕವೆಗೋಲಿಗೆ ಉಜ್ಜಿ ಸಣ್ಣಗೆ ನರಳುತ್ತಿದ್ದವು, ಆ ಸದ್ದಿಲ್ಲದೆ ನನಗೆ ಇವತ್ತಿಗೂ ಮಧ್ಯಾಹ್ನದ ನಿದ್ದೆ ಸರಿಯಾಗಿ ಹತ್ತುವುದಿಲ್ಲ.

ಆ ನಳಿಗೆಗಳೆಲ್ಲ ಒಂದೇ ಮನೆಯಲ್ಲಿ ಹುಟ್ಟುತ್ತಿದ್ದವು. ಅದು ಮೌನೇಶಪ್ಪನ ಮನೆ. ಅವನ ಹೆಂಡತಿ ಪಾರವ್ವ ನನ್ನ ಗೆಳತಿ, ನಮ್ಮಿಬ್ಬರ ಮನೆಗೆ ನಡುಗೋಡೆ ಒಂದೇ. ನಾವು ನೇಕಾರರು, ನಮ್ಮ ಮಗ್ಗದಿಂದ ಇಳಿದ ಬಟ್ಟೆಗೆ ಅವರ ಹಿತ್ತಿಲಲ್ಲಿ ಎಣ್ಣೆ, ಮೇಣ, ಹಾಲುಮಡ್ಡಿ ಕಾಯಿಸಿ ಬಳಿದು ಹಾಳೆ ಮಾಡುತ್ತಿದ್ದರು. ಹೀಗಾಗಿ ನಾನು ಹೇಳುವ ಈ ಕಥೆಯಲ್ಲಿ ಅರ್ಧ ನಾನು ಕಂಡದ್ದು, ಅರ್ಧ ಪಾರವ್ವ ಹೇಳಿದ್ದು.

ಪಾರವ್ವ ಹೊಳೆದಂಡೆಯ ಊರಿನ ಹುಡುಗಿ. ಬಯಲಲ್ಲಿ ಹರಿಯುವ ನೀರಿನಲ್ಲಿ ಈಜಿ ಬೆಳೆದವಳು. ಮದುವೆಯಾಗಿ ಬಂದ ದಿನ ಕೈಕಾಲು ತೊಳೆದುಕೊಳ್ಳಲು ಹೊರಗೆ ಬಂದು, "ಅತ್ತೀ, ನೀರು ಎಲ್ಲೈತ್ರೀ?" ಎಂದು ಕೇಳಿದಳಂತೆ. ಅತ್ತೆ ಅವಳ ಕೈಹಿಡಿದು ತಲೆಯ ಮೇಲಿನ ನಳಿಗೆಗೆ ಅಂಗೈ ಒತ್ತಿಸಿ, "ಇಲ್ಲೈತಿ ನೋಡವಾ. ನಮ್ಮೂರಾಗ ನೀರು ಕಣ್ಣಿಗಿ ಕಾಣೂದಿಲ್ಲ, ಕೈಗಿ ಕಾಣತೈತಿ" ಎಂದಳಂತೆ. ಮೊದಲ ಮೂರು ತಿಂಗಳು ಆಕೆ ದಿನಾ ಅತ್ತಳು. ಆಮೇಲೆ ನಳಿಗೆ ಎಳೆಯುವ ಮೆಷೀನಿನ ಮನೆಗೆ ಕಾಲಿಟ್ಟಳು, ಅಳು ನಿಂತಿತು.

ಆ ಮೆಷೀನು ನೋಡಿದವರು ಯಾರೂ ಹಾಗೇ ಹಿಂದಿರುಗುತ್ತಿರಲಿಲ್ಲ. ಕೆಳಗೆ ಹಾಳೆಯ ಸುರುಳಿ. ಅಲ್ಲಿಂದ ಹಾಳೆ ಚಪ್ಪಟೆಯಾಗಿ, ನೆಟ್ಟಗೆ ಮೇಲೇರುತ್ತಿತ್ತು. ಮೇಲೆ ತಾಮ್ರದ ತಗಡನ್ನು ಬಡಿದು ಬಗ್ಗಿಸಿದ ಒಂದು ಭಾಗ, ಅಂಗಿಯ ಕೊರಳಪಟ್ಟಿಯ ಹಾಗೆ ಕಾಣುವುದು. ಅದನ್ನು ಹೆಗಲು ಎಂದು ಕರೆಯುತ್ತಿದ್ದರು. ಆ ಕಡೆಯಿಂದ ಹಾಳೆಯಾಗಿ ಹತ್ತಿದ್ದು ಹೆಗಲು ದಾಟಿ ಈ ಕಡೆ ಕೊಳವೆಯಾಗಿ ಇಳಿಯುತ್ತಿತ್ತು. ಎಳೆದವರಿಲ್ಲ, ಮಡಚಿದವರಿಲ್ಲ, ತಾಮ್ರದ ಆ ಬಾಗಿಗೆ ಹಾಳೆ ತಾನಾಗಿ ಮೈ ಕೊಡುತ್ತಿತ್ತು. ಎರಡು ಅಂಚುಗಳು ಎರಡು ಬೆರಳಗಲ ಒಂದರ ಮೇಲೊಂದು ಬರುತ್ತಿದ್ದ ಹಾಗೆ ಕಾದ ಗಾಲಿ ಉರುಳಿ ಮೇಣ ಕರಗಿಸಿ ಅಂಟಿಸುತ್ತಿತ್ತು. ಕೆಳಗೆ ಎರಡು ಚರ್ಮದ ಗಾಲಿಗಳು ನಳಿಗೆಯನ್ನು ಮೆಲ್ಲಗೆ ಜಗ್ಗುತ್ತಿದ್ದವು. ಇಬ್ಬರು ಹಿಡಿಕೆ ತಿರುಗಿಸಬೇಕು, ಒಬ್ಬರು ಗಾಲಿಗೆ ಕೆಂಡ ಉಣಿಸಬೇಕು, ಒಬ್ಬರು ಹೆಗಲ ಪಕ್ಕದ ಮಣೆಯಲ್ಲಿ ಕೂತು ಹಾಳೆಯ ಎರಡೂ ಅಂಚಿಗೆ ಬೆರಳಿಟ್ಟಿರಬೇಕು. ಹಾಳೆ ಒಂದು ಬೆರಳು ವಾಲಿತೋ, ಅಂಚು ಕೂಡುವುದಿಲ್ಲ. ಅಂಚು ಕೂಡದ ಕಡೆ ಆಕಾಶ ಒಳಗೆ ಹೋಗುತ್ತದೆ. ಮೆಷೀನು ನಿಲ್ಲಿಸಿದರೆ ಕಾದ ಗಾಲಿ ಅಲ್ಲೇ ಬಟ್ಟೆ ಸುಡುತ್ತದೆ. ಸುಟ್ಟಲ್ಲಿ, ವಾಲಿದಲ್ಲಿ ಕತ್ತರಿಸಲೇಬೇಕು. ಕತ್ತರಿಸಿದ ನಳಿಗೆಗಳನ್ನು ಗಂಟು ಹಾಕಿ ಕೂಡಿಸಿದರೆ ಹತ್ತು ದಿನವೋ ಇಪ್ಪತ್ತು ದಿನವೋ, ಗಂಟಿನಲ್ಲಿ ನೀರು ಕಹಿಗೆ ತಿರುಗುತ್ತಿತ್ತು. ಒಬ್ಬ ಮನುಷ್ಯ ಎಷ್ಟು ಹೊತ್ತು ಎಚ್ಚರವಿರಬಲ್ಲನೋ ಅಷ್ಟುದ್ದ ನಳಿಗೆ. ಊರು ಬೆಳೆದದ್ದೂ ಅಷ್ಟೇ ದೂರ.

ದಿಬ್ಬ ಮಾತ್ರ ಆ ಅಳತೆಗೆ ಹೊರಗೆ ಉಳಿದಿತ್ತು. ಹಳ್ಳದ ಆಚೆ, ಬಂಡೆಯಿಂದ ಎರಡು ಸಾವಿರ ಮಾರು ದೂರದಲ್ಲಿ ಎಂಬತ್ತು ಮನೆ. ಅಲ್ಲಿಯ ಹೆಣ್ಣುಮಕ್ಕಳು ಬಂಡೆಯ ಬಾಗಿಲೊಳಗೆ ಕೂತು ಚರ್ಮದ ಚೀಲ ತುಂಬಿ, ಬಾಯಿ ಬಿಗಿದು, ಬೆನ್ನ ಮೇಲೆ ಹೊತ್ತು ಹೋಗುತ್ತಿದ್ದರು. ಚೀಲದ ಹೊಲಿಗೆಯ ಸಂದಿಗಳಿಂದ ಏನೋ ಒಂದಿಷ್ಟು ತಾಗಿ, ದಿಬ್ಬದ ನೀರು ಯಾವಾಗಲೂ ಅರೆಗಹಿ. ಆ ದಿಬ್ಬಕ್ಕೆ ಮೌನೇಶಪ್ಪನ ತಂಗಿ ಕಾಳಕ್ಕನನ್ನು ಕೊಟ್ಟಿದ್ದರು.

ಪಾರವ್ವ ಬಂದು ಮೂರು ವರ್ಷವಾದಾಗ ಕಾಳಕ್ಕನಿಗೆ ಗಂಡು ಮಗು ಹುಟ್ಟಿತು. ಬಾಣಂತನ ಮುಗಿಸಿ ತೊಟ್ಟಿಲು ಹೊತ್ತು ಹೊರಟ ತಂಗಿಗೆ ಮೌನೇಶಪ್ಪ, "ನಿನ್ನ ಮಗ ಅರೆಗಹಿ ಕುಡದು ಬೆಳ್ಯಾಕ ನಾ ಬಿಡೂದಿಲ್ಲ. ದಿಬ್ಬಕ್ಕ ಒಂದೇ ಎಳಿ ನಳಿಗಿ ಎಳೀತೇನಿ" ಎಂದು ಮಾತು ಕೊಟ್ಟ. ಗಂಟೆಗೆ ನಲವತ್ತು ಮಾರು ಇಳಿಯುವ ಮೆಷೀನು, ಐವತ್ತು ಗಂಟೆಯ ಕೆಲಸ. ಸೋಮವಾರ ಉಂಡು ಕೂತವನು ಬುಧವಾರ ಮಧ್ಯಾಹ್ನ ಏಳಬೇಕು. ಕೂತ. ಹಿಡಿಕೆಯವರು ಬದಲಾದರು, ಕೆಂಡದವರು ಬದಲಾದರು, ಅವನು ಮಣೆ ಬಿಡಲಿಲ್ಲ. ಬುಧವಾರ ಬಿಸಿಲೇರುವ ಹೊತ್ತಿಗೆ, ಇನ್ನು ನೂರಿಪ್ಪತ್ತು ಮಾರು ಉಳಿದಿದೆ ಎನ್ನುವಾಗ, ಕಣ್ಣು ಮುಚ್ಚಿತು. ಎರಡು ಉಸಿರಿನಷ್ಟು ಹೊತ್ತು. ಹಾಳೆ ವಾಲಿತು.

ಅಲ್ಲಿಗೆ ಬಿಟ್ಟಿದ್ದರೆ ಒಂದು ನಳಿಗೆ ಹಾಳಾಯಿತು ಎಂದಾಗುತ್ತಿತ್ತು. ಆದರೆ ತಂಗಿಗೆ ಕೊಟ್ಟ ಮಾತು, ಊರವರ ಕಣ್ಣು. "ಗಂಟು ಹಾಕ್ತೇನಿ. ಮೂರು ಪದರು ಮೇಣ ಸುತ್ತತೇನಿ. ಏನಾಗತೈತಿ?" ಎಂದ. ನೂರಿಪ್ಪತ್ತು ಮಾರು ಬೇರೆ ಎಳೆದು ಗಂಟು ಹಾಕಿದ. ಹದಿನೆಂಟು ದಿನ ದಿಬ್ಬದವರು ಸಿಹಿನೀರು ಕುಡಿದರು. ಹತ್ತೊಂಬತ್ತನೆಯ ದಿನ ಮುಂಜಾನೆ ಕಾಳಕ್ಕ ಕೂಸಿಗೆ ನೀರು ಕುಡಿಸಿದಳು, ರುಚಿ ನೋಡದೆ. ಅಣ್ಣನ ನಳಿಗೆ, ನೋಡುವುದೇನು?

ಕೂಸನ್ನು ಮಣ್ಣು ಮಾಡಿ ಬಂದ ಮೂರನೆಯ ದಿನ ಆಕೆ ಅಣ್ಣನ ಮನೆಯ ಬಾಗಿಲಿಗೆ ಬಂದಳು. ಬೈಯಲಿಲ್ಲ. "ಗಂಟು ಐತಿ ಅಂತ ಒಂದು ಮಾತು ಹೇಳಿದ್ರ ನಾ ರುಚಿ ನೋಡತಿದ್ನೆಪಾ ಅಣ್ಣ" ಎಂದಷ್ಟೇ ಹೇಳಿ ತಿರುಗಿದಳು. ಅದೇ ಕೊನೆ. ಇಪ್ಪತ್ತೆರಡು ವರ್ಷ ಆಕೆ ಹಳ್ಳ ದಾಟಿ ಈ ಕಡೆ ಬರಲಿಲ್ಲ, ಅವನು ಆ ಕಡೆ ಹೋಗಲಿಲ್ಲ. ನೀರು ತುಂಬಲು ಕೂಡ ಆಕೆ ತಾನು ಬಾರದೆ ಬೇರೆಯವರಿಂದ ತರಿಸಿಕೊಂಡಳು.

ಮೌನೇಶಪ್ಪ ಆಮೇಲೆ ಒಳ್ಳೆಯ ನಳಿಗೆಗಳನ್ನೇ ಎಳೆದ. ಆದರೆ ಇನ್ನೂರು ಮಾರಿಗಿಂತ ಉದ್ದ ಎಳೆಯಲಿಲ್ಲ. ಹೆಗಲ ಪಕ್ಕದ ಮಣೆಗೆ ಬೇರೆ ಯಾರನ್ನೂ ಹತ್ತಿಸಲಿಲ್ಲ. ಪಾರವ್ವ ಇಪ್ಪತ್ತೈದು ವರ್ಷ ಕೆಂಡ ಉಣಿಸಿದಳು. ಕೆಂಡ ಉಣಿಸುತ್ತ ಅವಳಿಗೆ ಕಿವಿ ಬಂದಿತು. ಹಾಳೆ ವಾಲುವ ಮೊದಲು ತಾಮ್ರದ ಮೇಲೆ ಅದರ ಸದ್ದು ಒಂಚೂರು ಒಣಗುತ್ತದೆ ಎಂದು ನನಗೊಮ್ಮೆ ಹೇಳಿದ್ದಳು. ಬೆನ್ನು ತಿರುಗಿಸಿ ಕೂತೇ, "ಎಡಕ್ಕ ಹೊಂಟೈತಿ ನೋಡ್ರಿ" ಎನ್ನುತ್ತಿದ್ದಳು. ಅವನು ಬೆರಳು ಸರಿಸುತ್ತಿದ್ದ.

ಹೀಗಿರುವಾಗ ಒಂದು ಚಳಿಗಾಲ ದಿಬ್ಬದ ಹಿರಿಯ ತಿರಕಪ್ಪ ಹಳ್ಳ ದಾಟಿ ಬಂದ. ನಾನು ಅಂದು ಬಟ್ಟೆ ಕೊಡಲು ಹೋಗಿದ್ದೆ. ಆತ ಜಗುಲಿಯ ಮೇಲೆ ಕೂರಲೂ ಇಲ್ಲ.

"ಮೌನೇಶಪ್ಪಾ, ದಿಬ್ಬಕ್ಕ ಒಂದು ನಳಿಗಿ ಬೇಕಾಗೇತಿ."

"ಆಗೂದಿಲ್ಲ."

"ಚೀಲ ಹೊರೂ ಹೆಣ್ಮಕ್ಕಳ ಬೆನ್ನು ಬಾಗಿ ಹೋಗ್ಯಾವು. ಹ್ವಾದ ವರ್ಷ ಏಳು ಮನಿ ಖಾಲಿ ಆದ್ವು. ಇನ್ನೈದು ವರ್ಷಕ್ಕ ದಿಬ್ಬದಾಗ ಗೋಡಿ ಉಳೀತಾವು, ಮಂದಿ ಉಳಿಯೂದಿಲ್ಲ."

"ತಿರಕಪ್ಪಾ, ನನ್ನ ಕಡಿಂದ ಆಗೂದಿಲ್ಲ ಅಂದ್ನೆಲ್ಲಾ."

ತಿರಕಪ್ಪ ಹೊರಡಲು ತಿರುಗಿದ. "ಕಾಳಕ್ಕನ ಮಗಳು ಚೊಚ್ಚಲ ಹೆರಿಗಿಗೆ ಬಂದಾಳ. ಏಳು ತಿಂಗಳಾಗ್ಯಾವು. ಕಾಳಕ್ಕ ಹೇಳಿ ಕಳಿಸಿಲ್ಲ, ನಾನಾಗಿ ಹೇಳಾಕತ್ತೇನಿ" ಎಂದವನೇ ಬಂದ ದಾರಿ ಹಿಡಿದ.

ಕೂಸು ಸತ್ತ ಮೇಲೆ ಕಾಳಕ್ಕನಿಗೆ ಹುಟ್ಟಿದ ಒಬ್ಬಳೇ ಮಗಳು ಅವಳು. ಮೌನೇಶಪ್ಪ ಅವಳ ಮುಖ ಕಂಡವನಲ್ಲ. ಆತ ಎದ್ದು ಮೆಷೀನಿನ ಹತ್ತಿರ ಹೋಗಿ ತಾಮ್ರದ ಹೆಗಲನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ. ಇನ್ನು ಯಾರೂ ಕೇಳಬಾರದು ಎನ್ನುವ ಹಾಗೆ.

ಪಾರವ್ವ ಕೆಂಡದ ಇಕ್ಕಳ ಕೆಳಗಿಟ್ಟಳು. ನಾನು ಎದ್ದು ಹೋಗಬೇಕೆಂದುಕೊಂಡೆ, ಆದರೆ ಕೂತೇ ಇದ್ದೆ.

"ನಾ ಕೂಡತೇನಿ ಮಣಿ ಮ್ಯಾಲ," ಎಂದಳು.

"ಹುಚ್ಚೇನ ನಿನಗ? ನಾನೇ ನಿದ್ದಿ ಹೋದವ."

"ನಿದ್ದಿ ಹೋಗಿದ್ದು ತಪ್ಪಲ್ಲ. ಎರಡು ರಾತ್ರಿ ಎರಡು ಹಗಲು ಕೂತರ ದೇವರಿಗೂ ನಿದ್ದಿ ಬರತೈತಿ. ಅವತ್ತ ಬುಧವಾರ ಮುಂಜಾನಿ ನಾ ಬಾಜೂಕ ನಿಂತು ಏನಂದೆ, ನೆನಪೈತೇನು ನಿಮಗ?"

ಅವನು ಪೆಟ್ಟಿಗೆಯ ಮೇಲೆ ಕೈಯೂರಿ ಕೂತ.

"'ಒಂದು ತಾಸು ನನಗ ಕೊಡ್ರಿ, ನೀವು ಕಣ್ಣು ಮುಚ್ಚರಿ' ಅಂದೆ. 'ದೂರ ಸರಿ' ಅಂದ್ರಿ. ಇಪ್ಪತ್ತೆರಡು ವರ್ಷ ನಾ ಈ ಮಾತು ತೆಗಿಲಿಲ್ಲ. ಅತ್ತವ್ರನ್ನ ಮತ್ತ ಅಳಸಬಾರ್ದು ಅಂತ ಸುಮ್ಮನಿದ್ದೆ. ಈಗ ಹೇಳತೇನಿ. ನಿಮ್ಮ ನಿದ್ದಿ ಅಲ್ರೀ ಆ ಕೂಸಿನ್ನ ತಿಂದಿದ್ದು. ನೀವೊಬ್ರ ಕೂಡಬೇಕು ಅನ್ನೂ ಹಟ."

ನಾನು ನನ್ನ ಜೀವನದಲ್ಲಿ ಹೆಂಡತಿಯೊಬ್ಬಳು ಗಂಡನಿಗೆ ಅಷ್ಟು ಮೆಲ್ಲಗೆ, ಅಷ್ಟು ಗಟ್ಟಿಯಾದ ಮಾತು ಹೇಳಿದ್ದನ್ನು ಕೇಳಿಲ್ಲ. ಮೌನೇಶಪ್ಪ ಹೊರಗೆ ಹೋದ. ಎರಡು ದಿನ ಮನೆಯಲ್ಲಿ ಉಣ್ಣಲಿಲ್ಲ. ಬಂಡೆಯ ಹತ್ತಿರ ಕೂತಿದ್ದ ಎಂದು ಜನ ಹೇಳಿದರು. ಪಾರವ್ವ ಹುಡುಕಿಕೊಂಡು ಹೋಗಲಿಲ್ಲ. ನಮ್ಮ ಓಣಿಗೆ ಬಂದು, "ಎರಡು ಸಾವಿರ ಮಾರು ಬಟ್ಟಿ ಬೇಕು. ಎಷ್ಟು ದಿನ ಬೇಕು?" ಎಂದು ಕೇಳಿದಳು. ಹೆಗಲು ಪೆಟ್ಟಿಗೆಯಲ್ಲಿದೆ ಎಂದು ನನಗೆ ಗೊತ್ತಿತ್ತು, ಆದರೂ ನಾನು ನೂಲು ಸುತ್ತಲು ಕೂತೆ.

ಮೂರನೆಯ ದಿನ ಮೌನೇಶಪ್ಪ ಬಂದ. ಪೆಟ್ಟಿಗೆ ತೆಗೆದು ಹೆಗಲನ್ನು ಹೊರಗಿಟ್ಟು, ಹುಣಸೆಹಣ್ಣು ಹಚ್ಚಿ ತಿಕ್ಕತೊಡಗಿದ. ಪಾರವ್ವ ಬಾಗಿಲಲ್ಲಿ ನಿಂತು ನೋಡಿದಳು. "ತಾಸಿಗೊಮ್ಮಿ ಬದಲಿ," ಎಂದ ತಲೆಯೆತ್ತದೆ. "ನಾಲ್ಕು ತಾಸಿಗೊಮ್ಮಿ," ಎಂದಳು ಅವಳು, "ತಾಸಿಗೊಮ್ಮಿ ಎದ್ರ ಇಬ್ರಿಗೂ ನಿದ್ದಿ ಆಗೂದಿಲ್ಲ."

ಹತ್ತು ಮಗ್ಗಗಳು ನಲವತ್ತು ದಿನ ನೆಯ್ದವು. ತುಂಡುಗಳನ್ನು ಓರೆಯಾಗಿ ಹೊಲಿದು, ಹೊಲಿಗೆಯ ಮೇಲೆ ಮೇಣ ಎರೆದು, ಒಂದೇ ಹಾಳೆ ಮಾಡಿದೆವು. ಹಾಳೆಯಲ್ಲಿ ಹಾಕಿದ ಓರೆಹೊಲಿಗೆ ಕೊಳವೆಯಾಗುವಾಗ ಸುತ್ತಿಕೊಂಡು ಬಿಗಿಯುತ್ತದೆ, ಅದಕ್ಕೆ ಭಯವಿಲ್ಲ. ಅದು ಹೆಗಲು ಹತ್ತುವಾಗ ಮಾತ್ರ ಕೂತವರು ಬೆರಳು ಬಿಗಿಹಿಡಿಯಬೇಕು.

ಸೋಮವಾರ ಉಂಡ ಮೇಲೆ ಮೆಷೀನು ತಿರುಗಿತು. ಮೌನೇಶಪ್ಪ ಮೊದಲು ಕೂತ. ನಳಿಗೆ ಇಳಿದು ಅಂಗಳದ ಚಾಪೆಗಳ ಮೇಲೆ ಹಾವಿನ ಹಾಗೆ ಮಡಿಕೆ ಮಡಿಕೆಯಾಗಿ ಬೀಳತೊಡಗಿತು. ನಾಲ್ಕು ತಾಸಾಯಿತು. ಪಾರವ್ವ ಮಣೆಯ ಪಕ್ಕ ಬಂದು ನಿಂತಳು. ಅವನು ಏಳಲಿಲ್ಲ. ಮೆಷೀನು ನಿಲ್ಲಿಸದೆ ಮಣೆ ಬದಲಿಸಬೇಕೆಂದರೆ ಅವನ ಬೆರಳ ಮೇಲೆ ಅವಳು ಬೆರಳಿಡಬೇಕು, ಅವನು ಕೆಳಗಿನಿಂದ ಬೆರಳು ಜಾರಿಸಬೇಕು. ಅವಳು ಇಟ್ಟಳು. ಆ ನಾಲ್ಕು ಕೈಗಳು ಒಂದು ನಿಮಿಷ ಹಾಗೇ ಇದ್ದವು. ಆಮೇಲೆ ಅವನು ಜಾರಿಸಿದ. ಎದ್ದು ಹೋಗಿ ಗೋಡೆಗೊರಗಿ ಮಲಗಿದ, ಆದರೆ ನಿದ್ದೆ ಮಾಡಲಿಲ್ಲ. ಕಣ್ಣು ಅವಳ ಬೆರಳ ಮೇಲೇ ಇತ್ತು. ಎರಡನೆಯ ಸಲ ಅವಳು ಕೂತಾಗ ಗೊರಕೆ ಹೊಡೆದ. ಹಿಡಿಕೆ ತಿರುಗಿಸುತ್ತಿದ್ದ ನನ್ನ ಗಂಡ ನಕ್ಕುಬಿಟ್ಟ. "ನಗಬ್ಯಾಡೋ, ಹಿಡಿಕಿ ಅಳ್ಳಾಡತೈತಿ" ಎಂದು ಪಾರವ್ವ ಗದರಿದಳು, ಅವಳ ಮುಖದಲ್ಲೂ ನಗು.

ಮಂಗಳವಾರ ಇಡೀ ಊರು ಸರದಿಯಲ್ಲಿ ಬಂದು ಹಿಡಿಕೆ ತಿರುಗಿಸಿತು. ಮನೆಮನೆಯಿಂದ ಕೆಂಡ ಬಂತು, ಬುತ್ತಿ ಬಂತು. ಕಡಲೆಚಟ್ನಿಯೇ ಏಳು ಮನೆಯಿಂದ ಬಂದಿತ್ತು. ದಿಬ್ಬದವರು ಬಂದು ಹಳ್ಳದುದ್ದಕ್ಕೂ ಕವೆಗೋಲು ನೆಟ್ಟು ಹೋದರು. ಕಾಳಕ್ಕ ಬರಲಿಲ್ಲ.

ಬುಧವಾರ ಬಿಸಿಲೇರಿತು. ಮಣೆಯ ಮೇಲೆ ಮೌನೇಶಪ್ಪನಿದ್ದ. ಅವನ ಸರದಿ ಮುಗಿಯಲು ಇನ್ನೂ ಹೊತ್ತಿತ್ತು. ಅಂಗಳದಲ್ಲಿ ಅಳೆಯುತ್ತಿದ್ದವರು "ನೂರಿಪ್ಪತ್ತು ಉಳದೈತಿ" ಎಂದು ಕೂಗಿದರು. ಅವರಿಗೇನೂ ನೆನಪಿರಲಿಲ್ಲ, ಲೆಕ್ಕ ಕೂಗಿದರು ಅಷ್ಟೆ. ಮೌನೇಶಪ್ಪನ ಕೈ ನಡುಗಲು ಶುರುವಾಯಿತು. ನಿದ್ದೆಯಿಂದಲ್ಲ. ಕಣ್ಣು ದೊಡ್ಡದಾಗಿ ತೆರೆದೇ ಇತ್ತು. ಪಾರವ್ವ ಬೆನ್ನು ತಿರುಗಿಸಿ ಕೆಂಡ ಉಣಿಸುತ್ತಿದ್ದಳು. ತಾಮ್ರದ ಮೇಲೆ ಹಾಳೆಯ ಸದ್ದು ಒಣಗಿತು ಎಂದು ಆಮೇಲೆ ನನಗೆ ಹೇಳಿದಳು. ತಿರುಗಿ ನೋಡಿದಳು, ಆದರೆ ಬಾಯಿ ಬಿಡಲಿಲ್ಲ. ಈ ಸಲ ತಾನು ಕೇಳುವುದಿಲ್ಲ ಎಂದು ನಿಶ್ಚಯಿಸಿದ್ದಳಂತೆ.

"ಪಾರೀ," ಎಂದ ಅವನು. ನಾಲ್ಕು ಜನರ ಎದುರು ಹೆಂಡತಿಯ ಹೆಸರು ಹಿಡಿದು ಅವನು ಕರೆದದ್ದು ಅದೇ ಮೊದಲು. "ಪಾರೀ, ತಗೋ. ನನ್ನ ಕೈಲೆ ಆಗವಲ್ದು."

ಅವಳು ಎರಡೇ ಹೆಜ್ಜೆಗೆ ಬಂದು ಅವನ ಬೆರಳ ಮೇಲೆ ಬೆರಳಿಟ್ಟಳು. ಹಾಳೆ ಅರ್ಧ ಬೆರಳು ಎಡಕ್ಕೆ ಹೋಗಿತ್ತು, ಎಳೆದು ತಂದಳು. ಅವನು ಹೋಗಿ ಕೆಂಡದ ಮುಂದೆ ಕೂತ, ಇಪ್ಪತ್ತೈದು ವರ್ಷ ಅವಳು ಕೂತಿದ್ದ ಜಾಗದಲ್ಲಿ.

ಅರವತ್ತು ಮಾರು ಉಳಿದಿದ್ದಾಗ ಕಾದ ಗಾಲಿಯನ್ನು ಒತ್ತಿಹಿಡಿಯುವ ಸ್ಪ್ರಿಂಗು ಸಡಿಲಾಯಿತು. ಮೇಣ ಕರಗುತ್ತಿತ್ತು, ಅಂಚು ಕೂಡುತ್ತಿರಲಿಲ್ಲ. ಬದಲಿಸಬೇಕೆಂದರೆ ನಿಲ್ಲಿಸಬೇಕು. ಪಾರವ್ವ ಸೆರಗಿನ ತುದಿಯನ್ನು ಹೆಬ್ಬೆರಳುಗಳಿಗೆ ಸುತ್ತಿಕೊಂಡು, ಉಳಿದ ಬೆರಳುಗಳನ್ನು ಅಂಚಿನಿಂದ ತೆಗೆಯದೆ, ಕರಗಿದ ಮೇಣದ ಮೇಲೆ ತಾನೇ ಒತ್ತತೊಡಗಿದಳು. ಅಂಗುಲ ಅಂಗುಲವಾಗಿ, ಒಂದೂವರೆ ತಾಸು. ನಾವು ಯಾರಾದರೂ ಬರುತ್ತೇವೆಂದರೆ ತಲೆಯಾಡಿಸಿದಳು. ಹಟದಿಂದಲ್ಲ, ಒಂದು ಕೈಯ ಒತ್ತು ಇನ್ನೊಂದು ಕೈಗೆ ಬರುವುದರೊಳಗೆ ನಳಿಗೆ ಮುಂದೆ ಹೋಗುತ್ತದೆ. ಮೌನೇಶಪ್ಪ ಮಳೆನೀರಲ್ಲಿ ಅದ್ದಿದ ಬಟ್ಟೆಯಿಂದ ಅವಳ ಬೆರಳುಗಳನ್ನು ಮತ್ತೆ ಮತ್ತೆ ತೋಯಿಸಿದ. ನಡುಹಗಲಿಗೆ "ಎರಡು ಸಾವಿರ!" ಎಂದು ಅಂಗಳದಲ್ಲಿ ಕೂಗೆದ್ದಿತು. ಅವನು ಕತ್ತರಿಯಿಂದ ಹಾಳೆ ತುಂಡರಿಸಿದ. ಪಾರವ್ವ ಮಣೆಯಿಂದ ಇಳಿದು, ನಾಲ್ಕು ಹೆಜ್ಜೆ ನಡೆದು, ಪಡಸಾಲೆಯಲ್ಲಿ ಮಲಗಿಬಿಟ್ಟಳು. ಬೆರಳುಗಳು ಬಾತು ಬೊಬ್ಬೆ ಬಂದಿದ್ದವು.

ಹೊಸ ನಳಿಗೆಗೆ ಮೊದಲ ನೀರು ಬಿಡುವಾಗ ಅದು ಹೊರಳುತ್ತದೆ, ಮುರಿದುಕೊಳ್ಳುತ್ತದೆ. ಮೊದಲ ಸಲ ಮನುಷ್ಯರೇ ಹಿಡಿದಿರಬೇಕು. ಆಮೇಲೆ ಕವೆಗೋಲಿಗೆ ಏರಿಸುವುದು. ಮೂರು ಮಾರಿಗೊಬ್ಬರಂತೆ ಆರುನೂರ ಎಪ್ಪತ್ತು ಜನ ಬೇಕು. ಊರಿನಲ್ಲಿ ಎದ್ದು ನಿಲ್ಲಬಲ್ಲವರೆಲ್ಲ ಹೊರಟರು. ಹೆಗಲ ಮೇಲೆ ನಳಿಗೆ ಹೊತ್ತು, ಬಂಡೆಯಿಂದ ಓಣಿಗೆ, ಓಣಿಯಿಂದ ಗಾಣದ ಮನೆಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ದಿಬ್ಬಕ್ಕೆ ಸಾಲು ಬೆಳೆಯಿತು. ನಳಿಗೆಯ ಆ ತುದಿಯನ್ನು ಯಾರು ಒಯ್ಯಬೇಕು ಎಂದಾಗ ಎಲ್ಲರೂ ಮೌನೇಶಪ್ಪನ ಕಡೆ ನೋಡಿದರು. ಅವನು ಮಲಗಿದ್ದ ಹೆಂಡತಿಯ ಕಡೆ ನೋಡಿದ. "ಹೋಗ್ರಿ," ಎಂದಳು ಅವಳು ಕಣ್ಣು ತೆರೆಯದೆ. ತುಟಿ ಕಟ್ಟಿದ ತುದಿಯನ್ನು ಎದೆಗವಚಿಕೊಂಡು ಅವನು ಹಳ್ಳದ ಕಡೆ ನಡೆದ.

ನಾನು ಸಾಲಿಗೆ ಹೋಗಲಿಲ್ಲ. ಬೆಣ್ಣೆ ತಂದು ಅವಳ ಬೆರಳಿಗೆ ಹಚ್ಚುತ್ತ ಕೂತೆ. ನಲವತ್ತು ದಿನ ನೆಯ್ದವಳಿಗೆ ಆ ನೀರು ಹೆಗಲ ಮೇಲೆ ಹಾಯುವುದನ್ನು ಕಾಣುವ ಆಸೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅವಳನ್ನು ಒಬ್ಬಳೇ ಬಿಡಲು ಮನಸ್ಸಾಗಲಿಲ್ಲ. ಆ ದಿನ ನೀರನ್ನು ಮುಟ್ಟದೆ ಉಳಿದವರು ಊರಿಗೆಲ್ಲ ನಾವಿಬ್ಬರೇ ಇರಬೇಕು.

ಹೊತ್ತು ಇಳಿಯುತ್ತಿದ್ದಾಗ ಮೇಲಿನಿಂದ ಒಂದು ಕೂಗು ಕೇಳಿಸಿತು. "ಬಂತು!" ಬಂಡೆಯ ಬಾಗಿಲು ತೆರೆದಿದ್ದರು. ಮತ್ತೊಬ್ಬರ ಬಾಯಿ, "ಬಂತು!" ಮತ್ತೊಬ್ಬರದು. ನೀರು ಯಾರ ಹೆಗಲ ಮೇಲೆ ತಣ್ಣಗೆ ಉಬ್ಬುತ್ತಿತ್ತೋ ಅವರು ತಡೆಯಲಾರದೆ ಕೂಗುತ್ತಿದ್ದರು. ಗಂಡಸರು, ಮುದುಕಿಯರು, ಮಕ್ಕಳು. ಕೂಗು ಓಣಿಯೊಳಗೆ ಇಳಿಯಿತು. ನಮ್ಮ ಬಾಗಿಲ ಮುಂದೆ ನಿಂತಿದ್ದ ನನ್ನ ಗಂಡ "ಬಂತು, ಬಂತು, ಅಯ್ಯಪ್ಪ ಎಷ್ಟು ತಣ್ಣಗೈತಿ!" ಎಂದ. ಕೂಗು ಮುಂದೆ ಹೋಯಿತು. ಪಾರವ್ವ ಕಣ್ಣು ತೆರೆದು ಎದ್ದು ಕೂತಳು.

"ಎಲ್ಲಿ ಮುಟ್ತು?"

"ಗಾಣದ ಮನಿ ದಾಟ್ತು," ಎಂದೆ ಕಿವಿಗೊಟ್ಟು. "ಈಗ ಹಳ್ಳ ಇಳಿಯಾಕತ್ತೈತಿ."

ಆಮೇಲೆ ಸದ್ದು ತೆಳ್ಳಗಾಗುತ್ತ ಹೋಯಿತು, ಕೊನೆಗೆ ಏನೂ ಕೇಳಿಸಲಿಲ್ಲ. ಹೊರಗೆ ನಿಂತವರೂ ಸುಮ್ಮನಾದರು. ಆರುನೂರ ಎಪ್ಪತ್ತು ಜನ ಸುಮ್ಮನೆ ನಿಂತ ಊರು ಹೇಗಿರುತ್ತದೆಂದು ನಾನು ಅಂದು ಕಂಡೆ.

ಬಹಳ ಹೊತ್ತಾದ ಮೇಲೆ ದಿಬ್ಬದ ಕಡೆಯಿಂದ ಬಾಯಿಂದ ಬಾಯಿಗೆ ಒಂದು ಮಾತು ಇಳಿದು, ಹಳ್ಳ ಹತ್ತಿ, ಓಣಿ ಸೇರಿ, ನನ್ನ ಗಂಡನ ಬಾಯಿಗೆ ಬಂತು. "ಸಿಹಿ ಐತಂತ!"

ಪಾರವ್ವ ನನ್ನ ಕಡೆ ತಿರುಗಿದಳು. "ಯಾರು ಕುಡದ್ರು, ಕೇಳು."

ನಾನು ಹೊಸ್ತಿಲಿಗೆ ಓಡಿ, "ಮೊದ್ಲ ಯಾರು ಕುಡದ್ರು? ಕೇಳ್ರಿ!" ಎಂದೆ. ಪ್ರಶ್ನೆ ಸಾಲು ಹಿಡಿದು ಹೊರಟಿತು. ಉತ್ತರ ಬರುವವರೆಗೆ ಅವಳು ರೆಪ್ಪೆ ಬಡಿಯಲಿಲ್ಲ. ನನ್ನ ಗಂಡ ಒಂದೊಂದೇ ಮಾತನ್ನು ಪಕ್ಕದವನಿಂದ ಕೇಳಿ ಕೇಳಿ ನಮಗೆ ಹೇಳಿದ.

"ಕಾಳಕ್ಕ ಬಂದು ಮುಂದ ನಿಂತಿದ್ಲಂತ. ಮೌನೇಶಪ್ಪ ತುಟಿ ಮುಂದ ಹಿಡದನಂತ. 'ನೀ ಮೊದ್ಲ ಕುಡಿ' ಅಂದ್ಲಂತ."

"ಆಮ್ಯಾಲ?"

"ಅವ ಕುಡದನಂತ. ಆಕಿ ಅವನ ಮಾರಿ ನೋಡಕೋತ ನಿಂತ್ಲಂತ. ಆಮ್ಯಾಲ ತುಟಿ ತಾ ಕಸಗೊಂಡು ತಾನೂ ಕುಡದ್ಲಂತ, ಮಗಳಿಗೂ ಕುಡಿಸಿದ್ಲಂತ."

"ಈಗೇನ ಮಾಡಾಕತ್ತಾರ?"

ಆ ಪ್ರಶ್ನೆ ಹೋಗಿ ಬರಲು ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ನನ್ನ ಗಂಡ ನಗುತ್ತಿದ್ದ, ಕಣ್ಣೊರೆಸಿಕೊಳ್ಳುತ್ತಿದ್ದ. "ಅಣ್ಣ ತಂಗಿ ಕೂಡಿ ದಿಬ್ಬ ಇಳಿಯಾಕತ್ತಾರಂತ. ಈ ಕಡೆಗೇ ಬರಾಕತ್ತಾರಂತ."

ಪಾರವ್ವ ಅಳುತ್ತಾಳೆಂದುಕೊಂಡೆ. ಅವಳು ಬೆಣ್ಣೆ ಹಚ್ಚಿದ ಕೈಗಳನ್ನು ಮೇಲೆತ್ತಿಕೊಂಡೇ ಎದ್ದು ನಿಂತು, ಅಡುಗೆಮನೆಯ ಕಡೆ ನಡೆದಳು.

"ಬಾ, ಒಲಿ ಹಚ್ಚು," ಎಂದಳು. "ಇಪ್ಪತ್ತೆರಡು ವರ್ಷದ ಮ್ಯಾಲ ನಾದಿನಿ ಮನಿಗಿ ಬರಾಕತ್ತಾಳ, ಮನ್ಯಾಗ ಒಂದು ರೊಟ್ಟಿ ಇಲ್ಲ. ನನ್ನ ಕೈ ನಡಿಯೂದಿಲ್ಲ, ನೀ ತಟ್ಟು."

ನಾನು ಒಲೆ ಹಚ್ಚಿದೆ. ಅವಳು ಪಕ್ಕದಲ್ಲಿ ಕೂತು, ಹಿಟ್ಟು ಬಿಗಿಯಾಯಿತು, ತೆಳ್ಳಗೆ ತಟ್ಟು, ಕಾಳಕ್ಕನಿಗೆ ದಪ್ಪ ರೊಟ್ಟಿ ಸೇರುವುದಿಲ್ಲ ಎಂದು ಒಂದೇ ಸಮನೆ ಹೇಳುತ್ತಲೇ ಇದ್ದಳು. ಅಂದು ಆ ಮನೆಯಲ್ಲಿ ನಾನು ಹದಿನಾಲ್ಕು ರೊಟ್ಟಿ ತಟ್ಟಿದೆ. ಒಂದೂ ಉಳಿಯಲಿಲ್ಲ.